ಬಾಗಿಲು ಮುಚ್ಚಿದ ಎರಡು ಗಂಟೆ

(ಹಿರಿಯ ಆಡಳಿತಾಧಿಕಾರಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೆ,

ಇಂದಿನ ಮಾತಿನ ವಿಷಯವನ್ನು ನೀವು ‘ಹಿರಿಯ ಹುದ್ದೆಯಲ್ಲಿದ್ದವರು ಚಿಂತನೆಗೆ ಬಿಡುವು ಮಾಡಿಕೊಳ್ಳುವುದು’ ಎಂದು ಗೊತ್ತುಪಡಿಸಿದ್ದೀರಿ. ಅದರಲ್ಲಿರುವ ‘ಬಿಡುವು’ ಎಂಬ ಮಾತಿನ ಬಗ್ಗೆಯೇ ನನಗೆ ಮೊದಲ ತಕರಾರು. ಬಿಡುವು ಎಂದರೆ ಕೆಲಸ ಮುಗಿದ ಮೇಲೆ ಉಳಿಯುವ ಹೊತ್ತು. ಒಂದು ಜಿಲ್ಲೆಯನ್ನೋ ಇಲಾಖೆಯನ್ನೋ ಕಾರ್ಖಾನೆಯನ್ನೋ ನಡೆಸುವವರಿಗೆ ಕೆಲಸ ಮುಗಿಯಿತು ಎಂಬುದೇ ಇರುವುದಿಲ್ಲವಾದ್ದರಿಂದ, ಬಿಡುವಾದಾಗ ಕೂತು ಯೋಚಿಸೋಣ ಎಂದುಕೊಂಡವರು ನಿವೃತ್ತರಾದ ಮೇಲೆಯೇ ಯೋಚಿಸಲು ತೊಡಗುತ್ತಾರೆ. ಉದ್ಯಾನಗಳ ಕಲ್ಲುಬೆಂಚುಗಳ ಮೇಲೆ ಅಂಥವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಈಗ ನಾನೂ ಅವರಲ್ಲೊಬ್ಬ. ಆದ್ದರಿಂದ ಇವತ್ತು ನಾನು ಮಾತನಾಡುವುದು ಬಿಡುವಿನ ಬಗ್ಗೆ ಅಲ್ಲ, ಕಚೇರಿಯ ಹೊತ್ತಿನಲ್ಲಿ, ಜನ ಹೊರಗೆ ಕಾಯುತ್ತಿರುವಾಗಲೇ, ಬಾಗಿಲು ಹಾಕಿಕೊಂಡು ಯೋಚಿಸುವ ಬಗ್ಗೆ.

ಮೊದಲು ಒಂದು ಕಡತದ ಕಥೆ ಹೇಳಬೇಕು. ನಾನು ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ ಮಳೆ ಸತತ ಎರಡನೆಯ ವರ್ಷವೂ ಕೈಕೊಟ್ಟಿತ್ತು. ಬೆಳಿಗ್ಗೆ ವಿಡಿಯೊ ಕಾನ್ಫರೆನ್ಸ್, ಮಧ್ಯಾಹ್ನ ಕಂದಾಯ ನ್ಯಾಯಾಲಯ, ಸಂಜೆ ಬರಪರಿಹಾರದ ಸಭೆ, ಇವುಗಳ ಸಂದಿಯಲ್ಲೆಲ್ಲ ಅಹವಾಲು ಹಿಡಿದು ಬಂದ ಜನ. ಇಷ್ಟೂ ಮುಗಿದು ರಾತ್ರಿ ಒಂಬತ್ತರ ಹೊತ್ತಿಗೆ ಗೃಹಕಚೇರಿಗೆ ಬಂದರೆ, ‘ತುರ್ತು’ ಎಂಬ ಚೀಟಿ ಅಂಟಿಸಿಕೊಂಡ ಕಡತಗಳ ರಾಶಿ. ಅಂಥ ಹೊತ್ತಿನಲ್ಲಿ ಕಡತವನ್ನು ಹೇಗೆ ಓದುತ್ತೇವೆಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಕೊನೆಯ ಟಿಪ್ಪಣಿಯ ಕೊನೆಯ ಪ್ಯಾರಾ, ‘ಅನುಮೋದನೆಗಾಗಿ ಮಂಡಿಸಿದೆ’ ಎಂಬ ಸಾಲು, ಅದರ ಕೆಳಗೆ ನಮಗೆಂದೇ ಬಿಟ್ಟ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ನಾನು ಒಂದು ಹಳ್ಳಿಗೆ ಕುಡಿಯುವ ನೀರಿನ ಕೊಳವೆಬಾವಿ ಮಂಜೂರು ಮಾಡಿ ಸಹಿ ಹಾಕಿದೆ.

ಐದಾರು ವಾರಗಳ ಮೇಲೆ ಆ ಕಡೆ ಹೋದಾಗ ನೋಡಿದರೆ, ಕೇಸಿಂಗ್ ಪೈಪಿನ ಬಾಯಿಗೆ ಯಾರೋ ಚಪ್ಪಡಿ ಕಲ್ಲೊಂದನ್ನು ಮುಚ್ಚಿಟ್ಟಿದ್ದರು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ರೈತರೊಬ್ಬರು, ‘ಇದು ನಾಕ್ನೇದು ಸ್ವಾಮಿ. ಬೋರು ಕೊರೀತಾನೇ ಅವ್ರೆ, ನೀರು ಮಾತ್ರ ಬರ್ತಿಲ್ಲ. ಕೆರೆಗೆ ನೀರು ಬರೋ ಕಾಲುವೆ ಮುಚ್ಚೋಗಿ ಎಷ್ಟೋ ವರ್ಸ ಆಯ್ತು, ಆ ಕಡೆ ಯಾರೂ ತಿರುಗಿ ನೋಡ್ನಿಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಕಚೇರಿಗೆ ಬಂದು ಆ ಕಡತವನ್ನು ತರಿಸಿ ಮೊದಲ ಪುಟದಿಂದ ಓದಿದೆ. ಎಲ್ಲವೂ ಅದರಲ್ಲೇ ಇತ್ತು. ಹಿಂದಿನ ಮೂರು ಕೊಳವೆಬಾವಿಗಳ ಬಿಲ್ಲುಗಳಿದ್ದವು, ಆ ಸರ್ವೆ ನಂಬರಿನ ಸುತ್ತಮುತ್ತ ಅಂತರ್ಜಲ ಸಿಗುವ ಸಂಭವ ಕಡಿಮೆ ಎಂಬ ಭೂವಿಜ್ಞಾನಿಯ ವರದಿಯಿತ್ತು, ಕೆರೆಯ ಪೋಷಕ ಕಾಲುವೆ ಒತ್ತುವರಿಯಾಗಿ ಹೂಳು ತುಂಬಿದೆ ಎಂದು ಗ್ರಾಮಸ್ಥರೇ ಬರೆದುಕೊಟ್ಟ ಅರ್ಜಿಯೂ ಇತ್ತು. ಓದಲು ನನಗೆ ಹಿಡಿದದ್ದು ನಲವತ್ತು ನಿಮಿಷ. ಸಹಿ ಹಾಕಿದ ದಿನ ನಾನು ಹದಿನಾಲ್ಕು ಗಂಟೆ ದುಡಿದಿದ್ದೆ, ಆದರೆ ಆ ನಲವತ್ತು ನಿಮಿಷ ಮಾತ್ರ ನನ್ನ ಬಳಿ ಇರಲಿಲ್ಲ.

ಇದು ನನ್ನೊಬ್ಬನ ಕಾಯಿಲೆಯೂ ಅಲ್ಲ, ಸರ್ಕಾರಕ್ಕೆ ಮಾತ್ರ ಅಂಟಿದ ಜಾಡ್ಯವೂ ಅಲ್ಲ. ಕೆನಡಾದ ಆಡಳಿತ ನಿರ್ವಹಣಾ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಐದು ಸಂಸ್ಥೆಗಳ ಮುಖ್ಯಸ್ಥರ ಬೆನ್ನಿಗೆ ಬಿದ್ದು, ಒಬ್ಬೊಬ್ಬರ ಜೊತೆ ಒಂದೊಂದು ವಾರವಿದ್ದು, ಅವರು ದಿನವಿಡೀ ಏನು ಮಾಡುತ್ತಾರೆಂದು ಗಡಿಯಾರ ಹಿಡಿದು ಗುರುತು ಹಾಕಿಕೊಂಡರು. 1973ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಆ ಮುಖ್ಯಸ್ಥರ ಕೆಲಸಗಳಲ್ಲಿ ಅರ್ಧದಷ್ಟು ಒಂಬತ್ತು ನಿಮಿಷವೂ ಬಾಳುತ್ತಿರಲಿಲ್ಲ. ಒಂದು ಗಂಟೆ ಮೀರಿ ನಡೆಯುತ್ತಿದ್ದವು ಹತ್ತರಲ್ಲಿ ಒಂದು. ಆಗ ಮೊಬೈಲೂ ಇರಲಿಲ್ಲ, ಇಮೇಲೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಅದಾಗಿ ನಾಲ್ಕೂವರೆ ದಶಕಗಳ ಮೇಲೆ ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ ದೊಡ್ಡ ಕಂಪನಿಗಳ 27 ಮುಖ್ಯಾಧಿಕಾರಿಗಳ ಹೊತ್ತನ್ನು ಮೂರು ತಿಂಗಳ ಕಾಲ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ವಾರಕ್ಕೆ ಸರಾಸರಿ 62.5 ಗಂಟೆ ದುಡಿಮೆ, ಅದರಲ್ಲಿ ಶೇಕಡಾ 72ರಷ್ಟು ಸಭೆಗಳಲ್ಲಿ. ಒಬ್ಬರೇ ಇರುವ ಹೊತ್ತು ಶೇಕಡಾ 28ರಷ್ಟಿತ್ತು. ಅದು ಅಷ್ಟೇನೂ ಕಡಿಮೆಯಲ್ಲ. ಆದರೆ ಅದರಲ್ಲಿ ಎರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಎಡೆಬಿಡದೆ ಸಿಕ್ಕದ್ದು ಶೇಕಡಾ 18 ಮಾತ್ರ. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಅಂಕಿ. ಹೊತ್ತು ಇದ್ದೇ ಇರುತ್ತದೆ, ಚಿಲ್ಲರೆಯಾಗಿ. ಹತ್ತು ನಿಮಿಷಗಳ ಹನ್ನೆರಡು ತುಂಡುಗಳನ್ನು ಕೂಡಿಸಿದರೆ ಲೆಕ್ಕದಲ್ಲಿ ಎರಡು ಗಂಟೆಯಾಗುತ್ತದೆ, ಯೋಚನೆಯಲ್ಲಿ ಆಗುವುದಿಲ್ಲ.

ಹಿಂದಿನ ಮೈಸೂರು ಸಂಸ್ಥಾನದ ಅಧಿಕಾರಿಗಳಿಗೆ ಈ ಇಡಿಯ ಹೊತ್ತು ಕೇಳದೆಯೇ ಸಿಗುತ್ತಿತ್ತು. ‘ಸರ್ಕೀಟು’ ಎಂಬ ಮಾತು, ಎಂದರೆ ಅಧಿಕಾರಿಗಳು ಊರೂರು ಸುತ್ತುವ ಪ್ರವಾಸ, ನಿಮ್ಮಲ್ಲಿ ಹಿರಿಯರಾದವರಿಗಾದರೂ ಗೊತ್ತಿರಬಹುದು. ತಾಲ್ಲೂಕಿನ ಅಧಿಕಾರಿಗಳಾದ ಅಮಲ್ದಾರರು ಕುದುರೆಯ ಮೇಲೆ, ದಫ್ತರಗಳು ಎತ್ತಿನ ಗಾಡಿಯ ಮೇಲೆ. ಒಂದು ಮೊಕ್ಕಾಮಿನಿಂದ ಇನ್ನೊಂದಕ್ಕೆ ಹೋಗುವುದರಲ್ಲಿ ಅರ್ಧ ದಿನ ಕಳೆಯುತ್ತಿತ್ತು, ಸಂಜೆ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಲಾಂದ್ರದ ಬೆಳಕಿನಲ್ಲಿ ಕೂತರೆ ಬೆಳಗಾಗುವವರೆಗೆ ಯಾವ ಸುದ್ದಿಯೂ ಬರುತ್ತಿರಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು, ನವರತ್ನ ರಾಮರಾಯರು ಅಂಥ ಸೇವೆಯಲ್ಲಿದ್ದೇ ಬರೆದವರಾದರು. ಊರೂರು ಸುತ್ತುವ ಆ ಕೆಲಸದ ನಿಧಾನಕ್ಕೂ ಅವರ ಬರವಣಿಗೆಗೂ ಸಂಬಂಧವಿರಲೇಬೇಕು ಎಂದು ನನ್ನ ಊಹೆ. ಹಾಗೆಂದು ಆ ನಿಧಾನವನ್ನು ನಾನು ಹೊಗಳಲಾರೆ. 1876–78ರ ಬರದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿದುಹೋಯಿತು. ಸುದ್ದಿಯೂ ಧಾನ್ಯವೂ ತಡವಾಗಿ ತಲುಪುವ ಆಡಳಿತಕ್ಕೆ ಅದರಲ್ಲಿ ಪಾಲಿಲ್ಲ ಎನ್ನಲಾಗುವುದಿಲ್ಲ. ನಾನು ಹೇಳುವುದು ಇಷ್ಟೇ: ಕುದುರೆ ಕೊಡುತ್ತಿದ್ದ ಹೊತ್ತನ್ನು ಜೀಪು ಕಿತ್ತುಕೊಂಡಿತು, ಜೀಪಿನಲ್ಲಿ ಉಳಿದಿದ್ದ ಹೊತ್ತನ್ನು ವಾಟ್ಸ್‌ಆ್ಯಪ್ ಗುಂಪುಗಳು ಕಿತ್ತುಕೊಂಡವು. ತಾನಾಗಿ ಒದಗುತ್ತಿದ್ದದ್ದನ್ನು ಈಗ ನಾವೇ ನಿಯಮ ಮಾಡಿ ಉಳಿಸಿಕೊಳ್ಳಬೇಕಾಗಿದೆ.

ನಿಯಮ ಎಂದೆ. ಹಾಗೆ ನಿಯಮ ಮಾಡಿಕೊಂಡವರಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಜನ ಮುತ್ತಿಕೊಂಡಿದ್ದವರೆಂದರೆ ಗಾಂಧೀಜಿ. ಅವರ ಆಧ್ಯಾತ್ಮಿಕತೆಯ ವಿಷಯ ನನ್ನ ಯೋಗ್ಯತೆಗೆ ಮೀರಿದ್ದು. ನಾನು ನೋಡುವುದು ಒಬ್ಬ ಆಡಳಿತಗಾರನ ಕಣ್ಣಿನಿಂದ, ಅವರ ಸೋಮವಾರದ ಮೌನವನ್ನು ಅವರು ಹೇಗೆ ನಡೆಸಿದರು ಎಂಬುದನ್ನು. ಆ ಮೌನ ಮೊದಲು ಶುರುವಾದದ್ದು ದಣಿವಾರಿಸಿಕೊಳ್ಳಲು ಮತ್ತು ಬಾಕಿ ಬಿದ್ದ ಪತ್ರಗಳಿಗೆ ಉತ್ತರ ಬರೆಯಲು ಎಂದು ಅವರೇ ಹೇಳಿಕೊಂಡಿದ್ದಾರೆ. ಅದರ ಬೇರೆ ಫಲಗಳು ಆಮೇಲೆ ಕಂಡವು. 1947ರ ಜೂನ್ 2 ಸೋಮವಾರ. ದೇಶವಿಭಜನೆಯ ಯೋಜನೆಯನ್ನು ನಾಯಕರ ಮುಂದಿಟ್ಟಿದ್ದ ವೈಸ್‌ರಾಯ್ ಮೌಂಟ್‌ಬ್ಯಾಟನ್, ಗಾಂಧೀಜಿ ಬಂದು ಏನು ಹೇಳಿಬಿಡುತ್ತಾರೋ ಎಂಬ ಆತಂಕದಲ್ಲಿದ್ದರು. ಗಾಂಧೀಜಿ ಬಂದರು, ಕೂತರು, ಮಾತನಾಡಲಿಲ್ಲ. ಬಳಸಿ ಬಿಟ್ಟ ಲಕೋಟೆಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. ಆ ಬರಹದ ಒಂದು ಅಂಶ ನಮಗೆ ಇವತ್ತು ಬೇಕಾದದ್ದು. ಸೋಮವಾರದ ಮೌನವನ್ನು ಕೈಗೊಂಡಾಗ ತಾವು ಎರಡು ವಿನಾಯಿತಿಗಳನ್ನು ಇಟ್ಟುಕೊಂಡಿದ್ದಾಗಿ ಅವರು ಅದರಲ್ಲಿ ತಿಳಿಸಿದ್ದರು: ತುರ್ತು ಸಂಗತಿಯಲ್ಲಿ ಉನ್ನತಾಧಿಕಾರಿಗಳೊಡನೆ ಮಾತು, ರೋಗಿಗಳ ಆರೈಕೆಯ ಹೊತ್ತಿನ ಮಾತು. ಎದುರಿಗಿದ್ದವರು ವೈಸ್‌ರಾಯ್, ಸಂಗತಿಯೋ, ಅದಕ್ಕಿಂತ ತುರ್ತಾದದ್ದು ಇರಲಾರದು. ವಿನಾಯಿತಿ ಅಲ್ಲಿ ಚೆನ್ನಾಗಿಯೇ ಒಪ್ಪುತ್ತಿತ್ತು. ಆದರೆ ನಾನು ಮೌನ ಮುರಿಯಬೇಕೆಂಬ ಇಚ್ಛೆ ನಿಮಗೂ ಇಲ್ಲವೆಂದು ಬಲ್ಲೆ ಎಂಬರ್ಥದ ಸಾಲೊಂದನ್ನು ಸೇರಿಸಿ ಸುಮ್ಮನಿದ್ದರು.

ಗಾಂಧೀಜಿಯವರಿಗೂ ಈ ಶಿಸ್ತು ಎಲ್ಲ ಕಾಲಕ್ಕೂ ಸಾಲಲಿಲ್ಲ. 1927ರ ಮಾರ್ಚಿನಲ್ಲಿ ಖಾದಿ ಪ್ರವಾಸದ ನಡುವೆ ಕೊಲ್ಹಾಪುರದಲ್ಲಿ ಅವರ ದೇಹ ಕುಸಿಯಿತು. ವೈದ್ಯರ ಮಾತಿಗೆ ಒಪ್ಪಿ ನಮ್ಮ ನಂದಿಬೆಟ್ಟಕ್ಕೆ ಬಂದು ವಾರಗಟ್ಟಲೆ ವಿಶ್ರಾಂತಿ ಪಡೆಯಬೇಕಾಯಿತು. ತಾವಾಗಿ ಹೊತ್ತು ತೆಗೆದಿಡದ ಹಿರಿಯರಿಗೆ ವೈದ್ಯರು ತೆಗೆದುಕೊಡುತ್ತಾರೆ. ನಮ್ಮ ಸೇವೆಯಲ್ಲೂ ಇದರ ಉದಾಹರಣೆಗಳು ಬೇಕಾದಷ್ಟಿವೆ, ಹೆಸರು ಹೇಳುವುದು ಬೇಡ.

ಆದರೆ ಅವರ ಯೋಚನೆಯ ರೀತಿ ನನಗೆ ಸ್ಪಷ್ಟವಾಗಿ ಕಾಣುವುದು 1930ರ ಮೊದಲ ಎರಡು ತಿಂಗಳಲ್ಲಿ. ಹಿಂದಿನ ಡಿಸೆಂಬರಿನಲ್ಲಿ ಲಾಹೋರಿನ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತ್ತು, ಜನವರಿ 26ಕ್ಕೆ ಊರೂರುಗಳಲ್ಲಿ ಪ್ರತಿಜ್ಞೆ ಓದುವುದೆಂದು ಗೊತ್ತಾಗಿತ್ತು. ಚಳವಳಿ ಶುರುವಾಗಬೇಕು, ಆದರೆ ಏನು ಮಾಡಬೇಕೆಂಬುದು ಯಾರಿಗೂ ಗೊತ್ತಿಲ್ಲ. ಎಲ್ಲರ ಕಣ್ಣೂ ಸಾಬರಮತಿಯ ಕಡೆಗೆ. ಜನವರಿ 18ರಂದು ಆಶ್ರಮಕ್ಕೆ ಬಂದ ರವೀಂದ್ರನಾಥ ಠಾಕೂರರು ಏನು ಯೋಚಿಸಿದ್ದೀರಿ ಎಂದು ವಿಚಾರಿಸಿದಾಗ, ಹಗಲೂ ರಾತ್ರಿ ಯೋಚಿಸುತ್ತಲೇ ಇದ್ದೇನೆ, ಸುತ್ತಲ ಕತ್ತಲಲ್ಲಿ ಬೆಳಕೇ ಕಾಣುತ್ತಿಲ್ಲ ಎಂದು ಗಾಂಧೀಜಿ ಉತ್ತರಿಸಿದರು. ಒಂದು ದೇಶ ತನ್ನ ಅಪ್ಪಣೆಗಾಗಿ ಕಾಯುತ್ತಿರುವಾಗ ‘ಇನ್ನೂ ಹೊಳೆದಿಲ್ಲ’ ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂಬುದು, ಹತ್ತು ಜನ ಪತ್ರಕರ್ತರ ಮುಂದೆ ಹಾಗೆ ಹೇಳಲಾರದೆ ಏನೋ ಒಂದು ಘೋಷಣೆ ಮಾಡಿ ಎದ್ದುಬಂದ ನಮಗೆ ಗೊತ್ತಿದೆ. ನನ್ನ ನಾಲ್ಕನೆಯ ಕೊಳವೆಬಾವಿಯೂ ಮೂಲದಲ್ಲಿ ಅಂಥದೊಂದು ಘೋಷಣೆಯೇ.

ಆ ಎರಡು ತಿಂಗಳು ಅವರು ಕಣ್ಣುಮುಚ್ಚಿ ಕೂತಿರಲಿಲ್ಲ. ಅವರ ಮುಂದಿದ್ದ ಪ್ರಶ್ನೆ ಬಹಳ ಖಚಿತವಾದದ್ದು. 1922ರ ಫೆಬ್ರವರಿಯಲ್ಲಿ ಚೌರಿಚೌರಾದಲ್ಲಿ ಗುಂಪೊಂದು ಠಾಣೆಗೆ ಬೆಂಕಿ ಹಚ್ಚಿ 22 ಪೊಲೀಸರು ಸತ್ತಾಗ ಅವರು ಇಡೀ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದ್ದರು. ಹಾಗೆ ಕೈಮೀರದಂಥ, ಆದರೆ ತೀರಾ ಬಡವರೂ ಪಾಲುಗೊಳ್ಳಬಹುದಾದಂಥ ಕಾನೂನುಭಂಗ ಯಾವುದು ಎಂಬುದು ಅವರು ಬಿಡಿಸಬೇಕಾಗಿದ್ದ ಗಂಟು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅವರು ಎಂಟು ವರ್ಷ ಹಿಂದಿನ ಕಡತವನ್ನು ಮೊದಲ ಪುಟದಿಂದ ಓದುತ್ತಿದ್ದರು. ಜನವರಿ 30ರಂದು ಹನ್ನೊಂದು ಬೇಡಿಕೆಗಳನ್ನು ಪ್ರಕಟಿಸಿದರು. ಭೂಕಂದಾಯ, ಸೈನ್ಯದ ಖರ್ಚು ಮುಂತಾದವುಗಳ ನಡುವೆ ಉಪ್ಪಿನ ತೆರಿಗೆಯೂ ಒಂದು ಸಾಲಾಗಿತ್ತು. ಆ ಒಂದು ಸಾಲು ಮುಂದಿನ ವಾರಗಳಲ್ಲಿ ಉಳಿದವನ್ನೆಲ್ಲ ಹಿಂದಕ್ಕೆ ಸರಿಸಿ ಮುಂದೆ ಬಂದಿತು. ಉಪ್ಪು ಎಂಬುದನ್ನು ಕೇಳಿ ನೆಹರೂ ಅವರಿಗೂ ಮೊದಲು ತಬ್ಬಿಬ್ಬಾಯಿತು. ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಪತ್ರ ಹೋಯಿತು, 12ರ ಬೆಳಿಗ್ಗೆ ನಡಿಗೆ ಶುರುವಾಯಿತು, ಏಪ್ರಿಲ್ 6ಕ್ಕೆ ದಂಡಿಯಲ್ಲಿ ಉಪ್ಪು ಕೈಗೆ ಬಂತು. ಅವರೊಡನೆ ನಡೆದವರಲ್ಲಿ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರಿದ್ದರು; ಏಪ್ರಿಲ್ 13ಕ್ಕೆ ನಮ್ಮ ಅಂಕೋಲೆಯಲ್ಲೂ ಜನ ಉಪ್ಪಿನ ಕಾನೂನು ಮುರಿದರು. ಯೋಚನೆಗೆ ಹಿಡಿದದ್ದು ಎರಡು ತಿಂಗಳು. ಅಂಕೋಲೆಗೆ ತಲುಪಲು ಹಿಡಿದದ್ದು ಒಂದು ವಾರ.

ಅಮೆರಿಕದಲ್ಲಿ ರೇಗನ್ ಅಧ್ಯಕ್ಷರಾಗಿದ್ದಾಗ ವಿದೇಶಾಂಗ ಸಚಿವರಾಗಿದ್ದ ಜಾರ್ಜ್ ಶುಲ್ಟ್ಸ್ ಅವರದು ಇಷ್ಟು ದೊಡ್ಡ ಸಾಧನೆಯಲ್ಲ, ಆದರೆ ನಮ್ಮಂಥವರ ಅಳತೆಗೆ ಹೊಂದುವಂಥದು. ವಾರಕ್ಕೊಂದು ಗಂಟೆ, ಬಾಗಿಲು ಮುಚ್ಚಿ, ಕಾಗದ ಮತ್ತು ಪೆನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಇಬ್ಬರು ಕರೆ ಮಾಡಿದರೆ ಮಾತ್ರ ತಮ್ಮನ್ನು ಎಬ್ಬಿಸಬೇಕೆಂದು ಕಾರ್ಯದರ್ಶಿಗೆ ಹೇಳಿದ್ದರು: ಒಬ್ಬರು ಅಧ್ಯಕ್ಷರು, ಇನ್ನೊಬ್ಬರು ತಮ್ಮ ಹೆಂಡತಿ. ಇಲ್ಲಿಯೂ ಎರಡೇ ವಿನಾಯಿತಿ ಎಂಬುದನ್ನು ಗಮನಿಸಿ.

ಈ ಎರಡರ ಬೆಲೆ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಕಚೇರಿಯ ಬಾಗಿಲು ಕಾಯುವ ನಮ್ಮ ದಲಾಯತರಿಂದ. ಕೊಳವೆಬಾವಿಯ ಪ್ರಸಂಗದ ಮೇಲೆ ನಾನು ಗುರುವಾರ ಹತ್ತರಿಂದ ಹನ್ನೆರಡರವರೆಗೆ ಯಾವ ಸಭೆಯನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ. ಬೇಕೆಂದೇ ಕಚೇರಿಯ ಹೊತ್ತನ್ನು ಆರಿಸಿದ್ದು. ಬೆಳಗಿನ ಆರು ಗಂಟೆಗೆ ಇಟ್ಟುಕೊಂಡರೆ ಅದು ಮತ್ತೆ ‘ಬಿಡುವು’ ಆಗುತ್ತದೆ, ಮನೆಯವರ ಪಾಲಿನಿಂದ ಕದ್ದದ್ದಾಗುತ್ತದೆ. ಅಭಿಲೇಖಾಲಯದ ಪಕ್ಕದಲ್ಲಿ ಹಳೆಯ ಕುರ್ಚಿಗಳನ್ನು ಒಟ್ಟಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ ಒಂದು ಮೇಜು ಹಾಕಿಸಿದೆ, ಫೋನನ್ನು ನನ್ನ ಛೇಂಬರಿನಲ್ಲೇ ಬಿಟ್ಟೆ. ದಲಾಯತರು ಕೇಳಿದ ಮೊದಲ ಪ್ರಶ್ನೆ, ‘ಯಾರು ಬಂದ್ರೆ ಒಳಗೆ ಬಿಡ್ಬೇಕು ಸಾರ್?’ ಎಂಬುದು. ನಾನು ಉತ್ಸಾಹದಲ್ಲಿ, ‘ಯಾರನ್ನೂ ಬಿಡ್ಬೇಡಿ’ ಎಂದೆ. ಅವರು ಹೇಳಿದಂತೆ ಮಾಡಿದರು. ಹನ್ನೆರಡಕ್ಕೆ ಹೊರಗೆ ಬಂದಾಗ ಹೊಂಗೆಮರದ ಕೆಳಗೆ ಒಬ್ಬ ತಾಯಿ ಕೂತಿದ್ದರು. ಮಗನ ಶಸ್ತ್ರಚಿಕಿತ್ಸೆಗೆ ಬೇಕಾದ ಕಾಗದಕ್ಕೆ ನನ್ನ ಸಹಿ ಆಗಬೇಕಿತ್ತು, ಆಸ್ಪತ್ರೆಯಲ್ಲಿ ಅದಕ್ಕಾಗಿ ಕಾಯುತ್ತಿದ್ದರು. ಎರಡು ಗಂಟೆ ಕಾಯಿಸಿದ್ದೆ. ಯಾರನ್ನೂ ಬಿಡದ ನಿಯಮ ಒಂದೇ ವಾರಕ್ಕೆ ಮುರಿಯುತ್ತದೆ, ಮುರಿಯಬೇಕಾದ್ದೂ ಹೌದು. ಎಲ್ಲರನ್ನೂ ಬಿಡುವುದಂತೂ ನಿಯಮವೇ ಅಲ್ಲ. ಮುಂದಿನ ಗುರುವಾರದಿಂದ ದಲಾಯತರಿಗೆ ಎರಡು ಮಾತು ಹೇಳಿದೆ: ಎಸ್‌ಪಿ ಸಾಹೇಬರ ಫೋನು ಬಂದರೆ ಬಾಗಿಲು ತಟ್ಟಿ, ಯಾರದಾದರೂ ಪ್ರಾಣದ ಪ್ರಶ್ನೆಯಾದರೆ ತಟ್ಟದೆ ಒಳಗೆ ಕರೆತನ್ನಿ. ಪ್ರಾಣದ ಪ್ರಶ್ನೆ ಯಾವುದು, ಅಲ್ಲದ್ದು ಯಾವುದು ಎಂಬುದನ್ನು ಅವರು ನನಗಿಂತ ಚೆನ್ನಾಗಿ ಗುರುತಿಸುತ್ತಿದ್ದರು. ಗಾಂಧೀಜಿಯವರ ಲಕೋಟೆಯ ಬರಹವನ್ನು ನಾನು ಓದಿದ್ದು ಬಹಳ ವರ್ಷಗಳ ಮೇಲೆ. ನಮ್ಮ ಎರಡು ವಿನಾಯಿತಿಗಳು ಹೆಚ್ಚುಕಡಿಮೆ ಅವೇ ಆಗಿದ್ದವು.

ಒಳಗೆ ಕೂತು ಏನು ಮಾಡಬೇಕು ಎಂಬುದು ಸುಲಭವಾಗಿ ಹೇಳಬಹುದಾದ್ದಲ್ಲ. ಮೊದಲ ಕೆಲವು ವಾರ ನನಗೆ ನಿದ್ದೆ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಬಾಕಿ ಕಡತಗಳನ್ನು ಅಲ್ಲಿಗೇ ತರಿಸಿಕೊಳ್ಳುವ ಆಸೆಯಾಯಿತು. ತರಿಸಿಕೊಂಡ ದಿನ ಆ ಕೋಣೆಯೂ ಇನ್ನೊಂದು ಛೇಂಬರಾಯಿತು. ಕೊನೆಗೆ ನಿಂತ ಪದ್ಧತಿ ಎಂದರೆ ವಾರಕ್ಕೆ ಒಂದೇ ಕಡತ, ಅದೂ ಬಾಕಿ ಇರುವುದಲ್ಲ, ನಾನು ಆಗಲೇ ಸಹಿ ಹಾಕಿ ಮುಗಿಸಿದ್ದು; ಅದನ್ನು ಮೊದಲ ಪುಟದಿಂದ ಓದುವುದು, ಇದೇ ಸಮಸ್ಯೆ ಈ ಜಿಲ್ಲೆಯಲ್ಲಿ ಎಷ್ಟನೆಯ ಸಲ ಬರುತ್ತಿದೆ ಎಂದು ನೋಡುವುದು, ನೋಡಿದ್ದನ್ನು ಒಂದು ಹಾಳೆಗೆ ಮೀರದಂತೆ ಕೈಯಲ್ಲಿ ಬರೆಯುವುದು. ಬರೆಯದಿದ್ದರೆ ಯೋಚನೆ ಎಂಬುದು ಬೇಸರಕ್ಕೋ ಹಗಲುಗನಸಿಗೋ ಜಾರಿಬಿಡುತ್ತದೆ. ಬರೆದದ್ದನ್ನು ಯಾರಿಗೂ ಕಳಿಸಬೇಕೆಂದೇನಿಲ್ಲ. 1863ರ ಜುಲೈಯಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಗೆಟಿಸ್‌ಬರ್ಗ್ ಯುದ್ಧದಲ್ಲಿ ಸೋತ ಎದುರಾಳಿ ಸೇನಾಪತಿ ಲೀಯ ಸೈನ್ಯವನ್ನು ತಪ್ಪಿಸಿಕೊಳ್ಳಲು ಬಿಟ್ಟರೆಂದು ತಮ್ಮ ಜನರಲ್ ಮೀಡ್ ಮೇಲೆ ಸಿಟ್ಟುಗೊಂಡ ಅಧ್ಯಕ್ಷ ಲಿಂಕನ್ ಒಂದು ಖಾರವಾದ ಪತ್ರ ಬರೆದರು. ಅದು ಸಹಿಯಾಗದೆ, ಕಳಿಸದೆ, ಅವರ ಕಾಗದಗಳಲ್ಲೇ ಉಳಿಯಿತು. ಗೆದ್ದುಬಂದ ಸೇನಾಪತಿಯನ್ನು ಕಳೆದುಕೊಳ್ಳುವುದಕ್ಕಿಂತ ಒಂದು ಹಾಳೆ ಕಾಗದ ಅಗ್ಗ. ನನ್ನ ಗುರುವಾರದ ಹಾಳೆಗಳಲ್ಲೂ ಅರ್ಧಕ್ಕರ್ಧ ಹಾಗೆಯೇ ಬೀರುವಿನಲ್ಲಿ ಉಳಿದವು. ಉಳಿದರ್ಧದಲ್ಲಿ ಒಂದು, ಆ ವರ್ಷ ಕೊಳವೆಬಾವಿಗೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಕೆರೆಗಳ ಪೋಷಕ ಕಾಲುವೆಗಳ ಸರ್ವೆಗೂ ತೆರವಿಗೂ ತಿರುಗಿಸುವ ಪ್ರಸ್ತಾವವಾಯಿತು. ಕಾಲುವೆಯ ಒತ್ತುವರಿದಾರರು ಯಾರೆಂದು ಸರ್ವೆಯಲ್ಲಿ ಗೊತ್ತಾದ ಮೇಲೆ ಆ ಪ್ರಸ್ತಾವ ಪಟ್ಟ ಪಾಡು ಬೇರೊಂದು ಉಪನ್ಯಾಸಕ್ಕೆ ಆಗುವಷ್ಟಿದೆ. ಆ ಹಳ್ಳಿಯ ಕಾಲುವೆ ಮಾತ್ರ ಮುಕ್ಕಾಲು ಪಾಲು ತೆರವಾಯಿತು.

ಇಲ್ಲಿ ಒಂದು ಅಪಾಯವನ್ನೂ ಹೇಳಬೇಕು, ಏಕೆಂದರೆ ಅದನ್ನು ನಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಒಂದು ಮಾತಿನ ನೆರಳಿನಲ್ಲಿ ಎಷ್ಟು ಕಡತಗಳು ವರ್ಷಗಟ್ಟಲೆ ಮಲಗಿವೆ! ನಿರ್ಧಾರದ ಭಯಕ್ಕೆ ಯೋಚನೆ ಎಂಬ ಮರ್ಯಾದೆಯ ಹೆಸರು ಕೊಡುವುದು ಬಹಳ ಸುಲಭ. ಹಾಗಾಗಿ ಬಾಕಿ ಇರುವ ಯಾವ ಕಡತವನ್ನೂ ಗುರುವಾರಕ್ಕೆಂದು ತಡೆಹಿಡಿಯಬಾರದು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಗಾಂಧೀಜಿಯವರೂ ತಾವು ಬರೆದ ಪತ್ರಕ್ಕೆ ಇರ್ವಿನ್ ಉತ್ತರ ಕೊಡಲು ಮಾರ್ಚ್ 11ರ ಗಡುವು ಹಾಕಿದ್ದರು. ಆ ಗಡುವು ವೈಸ್‌ರಾಯರಿಗೆ ಎಷ್ಟೋ ಅವರಿಗೂ ಅಷ್ಟೇ.

ಮಾತು ಮುಗಿದ ಮೇಲೆ ಸಭೆಯಲ್ಲಿದ್ದ ಯುವ ಉಪವಿಭಾಗಾಧಿಕಾರಿಯೊಬ್ಬರು ಎದ್ದು, ‘ನಿಮ್ಮ ಎರಡು ವಿನಾಯಿತಿಗಳಲ್ಲಿ ಮಂತ್ರಿಗಳು ಇರಲಿಲ್ಲವೆ ಸಾರ್?’ ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇರಲಿಲ್ಲ. ಇರದೆ ಹೋದದ್ದರಿಂದ ಏನಾಯಿತು ಎಂಬುದನ್ನು ಅಲ್ಲಿ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ಒಂದು ಗುರುವಾರ ಹತ್ತೂಕಾಲಿಗೆ ಮಂತ್ರಿಗಳ ಕಡೆಯಿಂದ ಫೋನು ಬಂತು. ‘ಸಾಹೇಬ್ರು ಕೆಲ್ಸದಲ್ಲಿದಾರೆ, ಹನ್ನೆರಡಕ್ಕೆ ಅವ್ರೇ ಮಾಡ್ತಾರೆ’ ಎಂದು ದಲಾಯತರು ಹೇಳಿ ಇಟ್ಟರಂತೆ. ಹೇಳುವಾಗ ಕೈ ನಡುಗಿತೆಂದು ಆಮೇಲೆ ಒಪ್ಪಿಕೊಂಡರು. ಹನ್ನೆರಡಕ್ಕೆ ನನ್ನ ಕೈಯೂ ಸ್ವಲ್ಪ ನಡುಗುತ್ತಿರುವಂತೆಯೇ ಕರೆ ಮಾಡಿದೆ. ಮಂತ್ರಿಗಳ ಆಪ್ತ ಸಹಾಯಕರು ಎತ್ತಿಕೊಂಡರು. ಶನಿವಾರ ಯಾರದೋ ಮದುವೆಗೆ ಬರುವವರಿಗಾಗಿ ಪ್ರವಾಸಿ ಮಂದಿರದಲ್ಲಿ ಎರಡು ಕೊಠಡಿ ಬೇಕಾಗಿತ್ತು.